ಒಂದೇ ಬೇಸಿಗೆಯಲ್ಲಿ ಬಂದವರು

ಹಯಲೀಯ, ಫ್ಲಾರಿಡಾ
ಆಗಸ್ಟ್ 3, 1980

ಪ್ರೀತಿಯ ಕ್ಲೆರ್ಮೀನ್ ಅಕ್ಕ,

ನಾನು ನೆರೈದಾ, ನಿನ್ನ ಪಕ್ಕದ ಮಂಚದವಳು. ದೋಣಿಯಲ್ಲಿ ಬಂದವರನ್ನು ಕೂಡಿಟ್ಟ ಆ ಶಿಬಿರದಿಂದ ಹೊರಗೆ ಬಂದು ಇವತ್ತಿಗೆ ಒಂಬತ್ತು ದಿನ. ನಿನಗೆ ಹೇಳಿ ಬರಲಿಕ್ಕೂ ಬಿಡಲಿಲ್ಲ. ತಿಂಡಿಯ ಸಾಲಿನಲ್ಲಿ ನಿಂತಿದ್ದಾಗಲೇ ಹೆಸರು ಕೂಗಿದರು, ಮಗುವನ್ನೆತ್ತಿಕೊಂಡು ಬಸ್ಸು ಹತ್ತು ಎಂದರು. ನೀನು ಬಟ್ಟೆ ಒಗೆಯುವ ಕಡೆ ಇದ್ದೆ.

ನನ್ನ ಗಂಡ ಎಬೆರ್ತೊನ ಚಿಕ್ಕಪ್ಪ ಲಿಸಾರ್ದೊ ಕಾರು ತಂದಿದ್ದರು. ಅವರು ಕ್ಯೂಬಾ ಬಿಟ್ಟು ಹದಿನೆಂಟು ವರ್ಷ, ಇಲ್ಲಿ ಮಂಚ ಸೋಫಾ ಮಾರುವ ದೊಡ್ಡ ಅಂಗಡಿ ಇಟ್ಟಿದ್ದಾರೆ. ದಾರಿಯಲ್ಲಿ ನಮ್ಮ ಜೊತೆ ಹೆಚ್ಚು ಮಾತಾಡಲಿಲ್ಲ. ಈ ಬೇಸಿಗೆ ದೋಣಿಯಲ್ಲಿ ಬಂದವರೆಲ್ಲ ಜೈಲಿನಿಂದ ಬಿಟ್ಟ ಕಳ್ಳರು ಎಂದು ಇಲ್ಲಿನ ಹಳೇ ಕ್ಯೂಬಾದವರೇ ಹೇಳಿಕೊಂಡು ತಿರುಗುತ್ತಾರಂತೆ. ಚಿಕ್ಕಮ್ಮ ಮೊದಲ ದಿನವೇ ತನ್ನ ಬಳೆಗಳನ್ನು ಎತ್ತಿಟ್ಟು ಬೀಗ ಹಾಕಿದ್ದನ್ನು ನಾನು ನೋಡಿದೆ. ಆದರೂ ಮಲಗಲು ಕೋಣೆ ಕೊಟ್ಟಿದ್ದಾರೆ. ನಾಳೆಯಿಂದ ನನಗೆ ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ. ಮಾಲೀಕ ನಮ್ಮವನು, ಮೇಸ್ತ್ರಿಯೂ ನಮ್ಮವಳು. ಇಂಗ್ಲಿಷ್ ಒಂದಕ್ಷರ ಬೇಕಿಲ್ಲ.

ಯಾಸೆಲ್‌ಗೆ ಜ್ವರ ಪೂರ್ತಿ ಬಿಟ್ಟಿದೆ. ಮೂರು ದಿನ ನೀನು ಅವನ ಹಣೆಗೆ ಒದ್ದೆ ಬಟ್ಟೆ ಹಾಕದಿದ್ದರೆ ನನ್ನ ಮಗ ನನಗೆ ಉಳಿಯುತ್ತಿರಲಿಲ್ಲ. ಇದನ್ನು ಮನೆಯಲ್ಲಿ ಹೇಳಿದೆ. ಹೈಟಿಯವಳಿಗೆ ನಮ್ಮ ಸ್ಪ್ಯಾನಿಷ್ ಹೇಗೆ ಬರುತ್ತದೆ ಎಂದು ಚಿಕ್ಕಮ್ಮ ಕೇಳಿದಳು. ಹೈಟಿಯ ಪಕ್ಕದ, ಸ್ಪ್ಯಾನಿಷ್ ಮಾತಾಡುವ ದೇಶದ ಕಬ್ಬಿನ ಗದ್ದೆಯಲ್ಲಿ ಬೆಳೆದಳಂತೆ, ಅಲ್ಲಿನ ಸನ್ಯಾಸಿನಿಯರು ಓದು ಬರಹ ಕಲಿಸಿದರಂತೆ ಎಂದೆ.

ನಿನ್ನನ್ನೂ ಇಷ್ಟರಲ್ಲೇ ಬಿಡುತ್ತಾರೆ. ನಿನಗೂ ನನಗೂ ಕೊಟ್ಟ ಚೀಟಿ ಒಂದೇ. ಹೊರಗೆ ಬಂದ ಮೇಲೆ ನಿನ್ನ ಮಗಳು ಗೆರ್ಲಾಂದ್‌ಳನ್ನು ಕರೆಸಿಕೊಳ್ಳಲು ಎಷ್ಟು ಹೊತ್ತು. ಎಂಟು ವರ್ಷದ ಹುಡುಗಿ, ಬೇಗ ಒಗ್ಗಿಕೊಳ್ಳುತ್ತಾಳೆ.

ನಿನ್ನ
ನೆರೈದಾ

~

ಬೆಲ್ ಗ್ಲೇಡ್, ಫ್ಲಾರಿಡಾ
ಜನವರಿ 14, 1981

ನೆರೈದಾ ತಂಗಿ,

ನಿನ್ನ ಕಾಗದ ಶಿಬಿರದಲ್ಲೇ ಸಿಕ್ಕಿತ್ತು. ಅಲ್ಲಿ ಬರೆಯಲು ಹಾಳೆ ಸಿಗಲಿಲ್ಲ. ನನ್ನನ್ನು ಬಿಟ್ಟದ್ದು ನವೆಂಬರ್ ಕೊನೆಗೆ. ಕರೆದುಕೊಂಡು ಹೋಗಲು ಯಾರೂ ಇಲ್ಲದವರನ್ನು ಒಂದು ಬಸ್ಸಿನಲ್ಲಿ ತುಂಬಿ ಇಲ್ಲಿಗೆ ತಂದು ಇಳಿಸಿದರು. ದೊಡ್ಡ ಕೆರೆಯ ಪಕ್ಕದ ಊರು. ಮಣ್ಣು ಇದ್ದಿಲಿನಂತೆ ಕಪ್ಪು. ನಾಲ್ವರು ಹೆಂಗಸರು ಒಂದು ಕೋಣೆಯಲ್ಲಿದ್ದೇವೆ. ಬೆಳಿಗ್ಗೆ ಐದಕ್ಕೆ ಊರ ನಡುವಿನ ಕಟ್ಟೆಯ ಹತ್ತಿರ ನಿಂತರೆ ಮೇಸ್ತ್ರಿಗಳು ಬಸ್ಸು ತಂದು ಕೈ ತೋರಿಸಿ ಆರಿಸುತ್ತಾರೆ. ಹುರುಳಿಕಾಯಿ, ಸೆಲರಿ ಸೊಪ್ಪು, ಜೋಳ, ಯಾವುದಿದ್ದರೆ ಅದನ್ನು ಕೊಯ್ಯುವುದು. ಆರಿಸದಿದ್ದರೆ ಅವತ್ತಿಗೆ ಇಲ್ಲ.

ಶಿಬಿರದ ಗುಮಾಸ್ತ ನನ್ನ ಚೀಟಿಯಲ್ಲಿ ಹೆಸರು ತಪ್ಪು ಬರೆದಿದ್ದಾನೆ. ಕ್ಲೆರ್ಮೀನ್ ದೊರ್ಸೆಂವಿಲ್ ಎಂದು ನಾನು ಹೇಳಿದರೆ ಅವನು ಕ್ಲೆಮೆನ್ಸಿಯಾ ದೊರ್ಸಾ ಎಂದು ಬರೆದ. ನೀನು ಪಕ್ಕದಲ್ಲೇ ಇದ್ದೆ, ನಕ್ಕಿದ್ದೆ. ಇಲ್ಲಿ ಎಲ್ಲರೂ ಇರಲಿ ಬಿಡು ಅನ್ನುತ್ತಾರೆ.

ಗೆರ್ಲಾಂದ್ ನನ್ನ ಅವ್ವನ ಹತ್ತಿರ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ.

ಕ್ಲೆರ್ಮೀನ್

~

ಹಯಲೀಯ
ಮೇ 23, 1982

ಪ್ರೀತಿಯ ಅಕ್ಕ,

ಇಷ್ಟು ದಿನ ಬರೆಯದಿದ್ದಕ್ಕೆ ಬೈಯಬೇಡ. ಕಾರ್ಖಾನೆ, ಮಗು, ಅಡುಗೆ, ಮತ್ತೆ ಮನೆಗೆ ತಂದ ಹೊಲಿಗೆ. ಒಂದು ವರ್ಷ ಚಿಕ್ಕಪ್ಪನ ಮನೆಯಲ್ಲಿ ತಲೆ ತಗ್ಗಿಸಿಕೊಂಡು ಇದ್ದೆವು. ಈಗ ಬೇರೆ ಬಾಡಿಗೆ ಮನೆ ಮಾಡಿದ್ದೇವೆ. ಎಬೆರ್ತೊ ಚಿಕ್ಕಪ್ಪನ ಅಂಗಡಿಯ ಲಾರಿ ಓಡಿಸುತ್ತಾನೆ.

ಮುಖ್ಯ ಸುದ್ದಿ ಕೇಳು. ಮದುವೆಯ ಗೌನು, ಹುಡುಗಿಯರ ಹದಿನೈದನೇ ಹುಟ್ಟುಹಬ್ಬದ ಗೌನು ಹೊಲಿಯುವ ಅಂಗಡಿ ಹಾಕೋಣ ಎಂದುಕೊಂಡಿದ್ದೇನೆ. ಬ್ಯಾಂಕಿನ ಬಾಗಿಲವರೆಗೆ ಹೋಗಿ ಎರಡು ಸಲ ವಾಪಸ್ ಬಂದಿದ್ದೆ. ಅಡ ಇಡಲು ಏನೂ ಇಲ್ಲ, ಬಂದು ಎರಡೇ ವರ್ಷ. ಮ್ಯಾನೇಜರು ನನ್ನ ಮುಖ ನೋಡಿ, ನೀವು ಕ್ಯೂಬಾದ ಕಾರ್ದೆನಾಸಿನ ದರ್ಜಿ ಪೆದ್ರೆರಾ ಅವರ ಮಗಳೇ ಎಂದು ಕೇಳಿದರು. ಅವರ ಮದುವೆಯ ಕೋಟು ಹೊಲಿದದ್ದು ನಮ್ಮಪ್ಪನಂತೆ. "ನಿಮ್ಮಪ್ಪನ ಕೈ ನಂಗೆ ಗೊತ್ತಮ್ಮ, ಇನ್ನೇನು ಜಾಮೀನು ಬೇಕು, ರುಜು ಹಾಕಿ" ಎಂದರು. ಅಷ್ಟೇ.

ನೀನೂ ಒಂದು ಸಲ ನಿಮ್ಮ ಊರಿನ ಬ್ಯಾಂಕಿಗೆ ಹೋಗಿ ಕೇಳು. ನಿನ್ನ ಅಡುಗೆ ಕೈ ನನಗೆ ಗೊತ್ತು. ಒಂದು ಸಣ್ಣ ಹೋಟೆಲು ಹಾಕಿದರೆ ಸಾಕು. ಕೇಳಿದರೆ ಕೊಡುತ್ತಾರೆ ಅಕ್ಕ, ನಾವು ಕೇಳಬೇಕು ಅಷ್ಟೆ.

ನೆರೈದಾ

~

ಬೆಲ್ ಗ್ಲೇಡ್
ಡಿಸೆಂಬರ್ 5, 1982

ನೆರೈದಾ,

ನಿನ್ನ ಅಂಗಡಿಯ ಸುದ್ದಿ ಕೇಳಿ ಸಂತೋಷವಾಯಿತು. ನೀನು ಹೇಳಿದಂತೆ ಬ್ಯಾಂಕಿಗೆ ಹೋಗಿದ್ದೆ. ಬಾಗಿಲಲ್ಲಿದ್ದ ಕಾವಲುಗಾರ ಒಳ್ಳೆಯವನು, ಏನು ಬೇಕು ಎಂದು ಅವನೇ ಕೇಳಿ ತಿಳಿದುಕೊಂಡ, ಒಳಗೆ ಹೋಗುವ ಶ್ರಮ ಬೀಳಲಿಲ್ಲ. ಸೀಸನ್ ಮುಗಿಯುವವರೆಗೆ ಹೋಟೆಲಿನ ಯೋಚನೆ ಬೇಡ ಎಂದುಕೊಂಡಿದ್ದೇನೆ.

ಯಾಸೆಲ್ ಶಾಲೆಗೆ ಸೇರಿದನೇ.

ಕ್ಲೆರ್ಮೀನ್

~

ಹಯಲೀಯ
ಮಾರ್ಚ್ 11, 1984

ಅಕ್ಕ,

ಹಸಿರು ಕಾರ್ಡಿಗೆ ನಮ್ಮನ್ನೆಲ್ಲ ಕರೆಯುತ್ತಿದ್ದಾರೆ. 1980ರಲ್ಲಿ ಬಂದವರಿಗೆಲ್ಲ ಇಲ್ಲೇ ನೆಲೆ ನಿಲ್ಲುವ ಹಕ್ಕು. ಹಳೆಯ ಯಾವುದೋ ಕಾನೂನಿದೆಯಂತೆ, ಅದರ ಕೆಳಗೆ ಕೊಡುತ್ತಾರಂತೆ. ನನ್ನ ಅರ್ಜಿ ಆಯಿತು. ಅಮ್ಮನನ್ನೂ ತಮ್ಮನನ್ನೂ ಕರೆಸುವ ಕಾಗದ ಈಗಲೇ ಬರೆಸುತ್ತಿದ್ದೇನೆ. ನಾಲ್ಕು ವರ್ಷ ಅಮ್ಮನ ದನಿಯನ್ನು ಟೆಲಿಫೋನಿನಲ್ಲಿ ಮಾತ್ರ ಕೇಳಿದ್ದೇನೆ.

ನಿನ್ನ ಚೀಟಿಯ ಮೇಲೂ ಅದೇ ಸಾಲು ಇದೆ. "ಕ್ಯೂಬಾ–ಹೈಟಿ ಪ್ರವೇಶಿ" ಎಂದು ಎರಡೂ ದೇಶದ ಹೆಸರು ಒಟ್ಟಿಗೇ ಅಚ್ಚಾಗಿದೆಯಲ್ಲ. ತಡಮಾಡಬೇಡ, ನಾಳೆಯೇ ಹೋಗು. ಗೆರ್ಲಾಂದ್‌ಗೆ ಬರೆದುಬಿಡು.

ನೆರೈದಾ

~

ಬೆಲ್ ಗ್ಲೇಡ್
ಏಪ್ರಿಲ್ 2, 1984

ನೆರೈದಾ ತಂಗಿ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ಕಾಗದ ಓದಿದ ದಿನವೇ ಕೋಣೆಯ ಹೆಂಗಸರಿಗೆಲ್ಲ ಹೇಳಿದೆ. ಅವತ್ತು ಜೋಳದ ಗಂಜಿಗೆ ಒಣಮೀನು ಹಾಕಿ ಎಲ್ಲರೂ ಒಟ್ಟಿಗೆ ಉಂಡೆವು. ಇಲ್ಲಿಂದ ಕಾರ್ಡು ಕೊಡುವ ದಫ್ತರಿಗೆ ಎರಡು ಬಸ್ಸು ಬದಲಿಸಬೇಕು. ಒಂದು ದಿನದ ಕೆಲಸ ಹೋಗುತ್ತದೆ, ಹೋಗಲಿ.

ಗೆರ್ಲಾಂದ್‌ಗೆ ಬರೆದಿದ್ದೇನೆ. ಒಂದು ವರ್ಷದೊಳಗೆ ನೀನು ನನ್ನ ಹತ್ತಿರ ಇರುತ್ತೀಯ ಎಂದು ಬರೆದೆ. ಅವಳಿಗೆ ಈಗ ಹನ್ನೆರಡು. ಉತ್ತರದಲ್ಲಿ ತನ್ನ ಪಾದವನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆದು ಕಳಿಸಿದ್ದಾಳೆ, ಬೂಟು ತಂದಿಟ್ಟಿರು ಎಂದು. ಎಷ್ಟು ದೊಡ್ಡ ಪಾದ.

ಕ್ಲೆರ್ಮೀನ್

~

ಬೆಲ್ ಗ್ಲೇಡ್
ನವೆಂಬರ್ 18, 1984

ನೆರೈದಾ,

ನಿನ್ನ ತಾಯಿ ಬಂದಿಳಿದ ಸುದ್ದಿ ತಿಳಿಯಿತು. ಅವರಿಗೆ ನನ್ನ ನಮಸ್ಕಾರ ಹೇಳು.

ನಮ್ಮ ಸರದಿ ಇನ್ನೂ ಬಂದಿಲ್ಲ. ಆ ಹಳೆಯ ಕಾನೂನಿನಲ್ಲಿ ಒಂದೇ ದೇಶದ ಹೆಸರಿದೆಯಂತೆ, ನಿಮ್ಮದು. ದಫ್ತರಿನ ಕಿಟಕಿಯ ಹುಡುಗಿ ತುಂಬ ಮರ್ಯಾದೆಯಿಂದಲೇ ಹೇಳಿದಳು.

ಕ್ಲೆರ್ಮೀನ್

~

ಹಯಲೀಯ
ಫೆಬ್ರವರಿ 17, 1985

ಅಕ್ಕ,

ಸರದಿ ಬರುತ್ತದೆ. ಇವತ್ತಲ್ಲ ನಾಳೆ. ನೀನು ಒಂದು ಸಲ ಹೋಗಿ ಸುಮ್ಮನಾಗಬಾರದು, ಮತ್ತೆ ಮತ್ತೆ ಹೋಗಬೇಕು. ಲಿಸಾರ್ದೊ ಚಿಕ್ಕಪ್ಪ ಹೇಳುವುದೂ ಅದನ್ನೇ. ನಿಮ್ಮವರು ತುಂಬ ಸಾಧು, ಹಟ ಮಾಡುವುದಿಲ್ಲ ಅನ್ನುತ್ತಾರೆ.

ಇಲ್ಲಿಗೆ ವಿಶ್ವವಿದ್ಯಾಲಯದ ಹುಡುಗನೊಬ್ಬ ಬಂದಿದ್ದ. ಆ ಬೇಸಿಗೆಯಲ್ಲಿ ಬಂದ ಎರಡೂ ಕಡೆಯ ಜನ ಹೇಗಿದ್ದಾರೆ, ಯಾರು ಮುಂದೆ ಬಂದರು, ಯಾರು ಇಲ್ಲ ಎಂದು ತಾಳೆ ಹಾಕಿ ನೋಡುತ್ತಾರಂತೆ. ಕಾರಿದೆಯೇ, ಕೆಲಸ ಕೊಟ್ಟವರು ಯಾವ ಜನ, ಮನೆ ಸ್ವಂತದ್ದೇ, ಹೀಗೆ ನೂರು ಪ್ರಶ್ನೆ. ಎಬೆರ್ತೊ ಎದೆಯುಬ್ಬಿಸಿ ಉತ್ತರ ಹೇಳಿದ. ಮನೆ ಈಗ ಸ್ವಂತದ್ದು ಅಕ್ಕ. ಗುಲಾಬಿ ಬಣ್ಣ, ಮುಂದೆ ಎರಡು ನಿಂಬೆ ಗಿಡ.

ಮೇ ತಿಂಗಳಲ್ಲಿ ಯಾಸೆಲ್‌ನ ಮೊದಲ ಪರಮಪ್ರಸಾದದ ಪೂಜೆ ಇದೆ, ಇಗರ್ಜಿಯಲ್ಲಿ. ಐದು ವರ್ಷದಿಂದ ಎರಡು ಗಂಟೆಯ ದಾರಿಯಲ್ಲಿದ್ದು ಒಬ್ಬರ ಮುಖ ಒಬ್ಬರು ನೋಡಿಲ್ಲ. ನೀನು ಬರಲೇಬೇಕು.

ನೆರೈದಾ

~

ಬೆಲ್ ಗ್ಲೇಡ್
ಜೂನ್ 2, 1985

ನೆರೈದಾ ತಂಗಿ,

ಊಟ ಚೆನ್ನಾಗಿತ್ತು. ಯಾಸೆಲ್ ಬಿಳಿ ಕೋಟಿನಲ್ಲಿ ಎಷ್ಟು ಗಂಭೀರ. ನನ್ನ ಗುರುತು ಅವನಿಗೆ ಎಲ್ಲಿಂದ ಸಿಗಬೇಕು, ನೀನು ಅವನನ್ನು ಗದರಿಸಬಾರದಿತ್ತು.

ನನಗೆ ಕಾಗದದ ತಟ್ಟೆ ಕೊಟ್ಟಿದ್ದಕ್ಕೆ ನೀನು ಎರಡು ಸಲ ಕ್ಷಮೆ ಕೇಳಿದೆ. ಪಿಂಗಾಣಿ ಸಾಲಲಿಲ್ಲ ಎಂದೆ. ಬೇಕಿರಲಿಲ್ಲ ತಂಗಿ, ಇಲ್ಲಿ ನಾವು ಅದರಲ್ಲೇ ಉಣ್ಣುವುದು. ನಮ್ಮ ಹೈಟಿಯವರ ಮೈಯಲ್ಲಿ ಮದ್ದಿಲ್ಲದ, ಅಂಟುವ ಆ ಹೊಸ ರೋಗ ಇದೆಯೆಂದು ಪೇಪರಿನಲ್ಲಿ ಬರೆದದ್ದು ನಾನೂ ಕೇಳಿದ್ದೇನೆ. ಎಬೆರ್ತೊ ಬಸ್ ನಿಲ್ದಾಣದವರೆಗೆ ಬಿಟ್ಟು ಹೋದ. ಕಾರಿನ ನಾಲ್ಕೂ ಕಿಟಕಿ ತೆರೆದಿದ್ದ, ಗಾಳಿ ಚೆನ್ನಾಗಿ ಬರುತ್ತಿತ್ತು.

ನಿನ್ನ ಮನೆಯ ಬಾಗಿಲ ಮುಂದೆ ನಿಲ್ಲಿಸಿ ನೀನು ತೆಗೆದ ಫೋಟೊ ಬಂತು. ಊರಿಗೆ ಕಳಿಸಿದೆ. ನೀನು ಕೊಟ್ಟ ನೀಲಿ ಅಂಗಿ ನನಗೆ ಒಪ್ಪುತ್ತದೆ ಎಂದು ಕೋಣೆಯವರೂ ಹೇಳಿದರು.

ಕ್ಲೆರ್ಮೀನ್

~

ಬೆಲ್ ಗ್ಲೇಡ್
ಫೆಬ್ರವರಿ 9, 1987

ನೆರೈದಾ ತಂಗಿ,

ಒಂದೂಮುಕ್ಕಾಲು ವರ್ಷ ಆಯಿತು, ಇಬ್ಬರೂ ಬರೆದಿಲ್ಲ. ಈಗ ಒಂದು ಕೆಲಸಕ್ಕಾಗಿ ಬರೆಯುತ್ತಿದ್ದೇನೆ. ಆರು ವರ್ಷದಲ್ಲಿ ನಿನ್ನನ್ನು ಏನೂ ಕೇಳಿಲ್ಲ.

ಹೊಸ ಕಾನೂನು ಬಂದಿದೆ. ಈಗ ನಮಗೂ ಕಾರ್ಡು ಕೊಡುತ್ತಾರೆ. ನಾನು ಆ ಬೇಸಿಗೆಯಲ್ಲೇ ಬಂದವಳು ಎಂದು ತೋರಿಸಬೇಕು. ದಫ್ತರಿನಲ್ಲಿರುವುದು ಕ್ಲೆಮೆನ್ಸಿಯಾ ಎಂಬ ಹೆಂಗಸಿನ ಹೆಸರು. ಅವಳೇ ನಾನು ಎಂದು ಇಬ್ಬರು ರುಜು ಹಾಕಿ ಹೇಳಬೇಕಂತೆ. ಒಂದು ರುಜು ಇಲ್ಲಿನ ಇಗರ್ಜಿಯ ಪಾದ್ರಿ ಹಾಕಿದ್ದಾರೆ. ಇನ್ನೊಬ್ಬರು ಶಿಬಿರದಲ್ಲಿ ನನ್ನ ಜೊತೆ ಇದ್ದವರೇ ಆಗಬೇಕು. ನಮ್ಮ ಸಾಲಿನಲ್ಲಿದ್ದ ಹೈಟಿಯ ಹೆಂಗಸರು ಯಾವ ಯಾವ ಊರಿಗೆ ಹೋದರೋ ಗೊತ್ತಿಲ್ಲ. ನೀನು ಇದ್ದೀಯ. ಫಾರಂ ಇದರ ಜೊತೆಗಿದೆ. ಗುರುತು ಹಾಕಿದ ಜಾಗದಲ್ಲಿ ನೋಟರಿಯ ಮುಂದೆ ರುಜು ಹಾಕಿದರೆ ಆಯಿತು.

ಗೆರ್ಲಾಂದ್‌ಗೆ ಇನ್ನೂ ಹೇಳಿಲ್ಲ. ಮೂರು ವರ್ಷದ ಹಿಂದೆ ಒಂದು ವರ್ಷ ಎಂದು ಬರೆದು ಸುಳ್ಳುಗಾರ್ತಿ ಆದೆ. ಆಮೇಲೆ ಅವಳು ಬರೆಯುವುದೇ ಕಡಿಮೆ. ಅರ್ಜಿ ತೆಗೆದುಕೊಂಡೆವು ಎಂಬ ರಸೀತಿ ಕೈಗೆ ಬರಲಿ, ಅದನ್ನೇ ಕಳಿಸುತ್ತೇನೆ. ಅಲ್ಲಿಯವರೆಗೆ ಒಂದು ಮಾತೂ ಬರೆಯುವುದಿಲ್ಲ ಎಂದು ಹಟ ಹಿಡಿದಿದ್ದೇನೆ.

ಕ್ಲೆರ್ಮೀನ್

~

ಬೆಲ್ ಗ್ಲೇಡ್
ಏಪ್ರಿಲ್ 20, 1987

ನೆರೈದಾ,

ಫೆಬ್ರವರಿಯಲ್ಲಿ ಒಂದು ಕಾಗದ ಹಾಕಿದ್ದೆ. ಅಂಚೆಯಲ್ಲಿ ತಪ್ಪಿಹೋಯಿತೋ ಏನೋ. ಇನ್ನೊಂದು ಫಾರಂ ಕಳಿಸಿದ್ದೇನೆ. ನೋಟರಿಗೆ ಆಗುವ ಖರ್ಚೂ ಒಳಗಿದೆ.

ಕ್ಲೆರ್ಮೀನ್

~

ಬೆಲ್ ಗ್ಲೇಡ್
ಜುಲೈ 6, 1987

ನೆರೈದಾ,

ಅಂಗಡಿಗೆ ಫೋನ್ ಮಾಡಿದ್ದೆ. ಒಬ್ಬ ಹುಡುಗಿ ಎತ್ತಿದಳು. ಹೆಸರು ಕೇಳಿ, ಸ್ವಲ್ಪ ತಡೀರಿ ಅಂದಳು. ಆಮೇಲೆ ಅಕ್ಕಾವ್ರು ಇಲ್ಲ ಅಂದಳು. ಹಿಂದೆ ನಿನ್ನ ದನಿ ಕೇಳಿದಂತಾಯಿತು. ನನ್ನ ಭ್ರಮೆ ಇರಬಹುದು.

ಊರಿನಿಂದ ಅವ್ವ ಬರೆಸಿದ್ದಾಳೆ. ಗೆರ್ಲಾಂದ್ ಶಾಲೆಗೆ ಹೋಗುತ್ತಿಲ್ಲವಂತೆ. ದಿನವೆಲ್ಲ ಸಮುದ್ರದ ದಂಡೆಯಲ್ಲಿ ಕೂತಿರುತ್ತಾಳಂತೆ.

ನಿನಗೆ ಆಗದಿದ್ದರೆ ಆಗುವುದಿಲ್ಲ ಎಂದು ಬರೆ. ನಾನು ಬೇರೆಯವರನ್ನು ಹುಡುಕುತ್ತೇನೆ.

ಕ್ಲೆರ್ಮೀನ್

~

ಹಯಲೀಯ
ಅಕ್ಟೋಬರ್ 11, 1987

ಪ್ರೀತಿಯ ಅಕ್ಕ,

ಯಾವ ಮುಖ ಇಟ್ಟುಕೊಂಡು ಬರೆಯಲಿ. ಅಂಗಡಿಯನ್ನು ದೊಡ್ಡ ಜಾಗಕ್ಕೆ ಸಾಗಿಸಿದೆವು. ಆ ಗಡಿಬಿಡಿಯಲ್ಲಿ ನಿನ್ನ ಕಾಗದಗಳು ಬಟ್ಟೆಯ ಪೆಟ್ಟಿಗೆಯೊಂದರಲ್ಲಿ ಸೇರಿಹೋಗಿದ್ದವು. ಮೊನ್ನೆ ಸಿಕ್ಕವು. ಅವತ್ತೇ ರುಜು ಹಾಕಿಸಿದೆ. ಇದರ ಜೊತೆಗಿದೆ, ನೋಟರಿಯ ಮೊಹರು ಚೆನ್ನಾಗಿ ಬಿದ್ದಿದೆ. ನಿನ್ನ ಹಣವನ್ನೂ ವಾಪಸ್ ಇಟ್ಟಿದ್ದೇನೆ, ನಾಚಿಕೆಯಾಯಿತು.

ಕಳೆದ ವಾರ ನಾವು ಪೌರತ್ವದ ಪ್ರತಿಜ್ಞೆ ತೆಗೆದುಕೊಂಡೆವು. ಎಬೆರ್ತೊ ಅತ್ತುಬಿಟ್ಟ.

ಆ ವಿಶ್ವವಿದ್ಯಾಲಯದವರ ವರದಿ ಪೇಪರಿನಲ್ಲಿ ಬಂದಿದೆ, ಕತ್ತರಿಸಿ ಕಳಿಸಿದ್ದೇನೆ. ಒಂದೇ ವರ್ಷ ಬಂದವರು, ಓದು ಇಬ್ಬರದ್ದೂ ಅಷ್ಟಕ್ಕಷ್ಟೇ. ಆದರೆ ನಮ್ಮವರಲ್ಲಿ ಎಷ್ಟೋ ಜನಕ್ಕೆ ಸ್ವಂತ ವ್ಯಾಪಾರ, ನಿಮ್ಮವರಲ್ಲಿ ಹುಡುಕಿದರೂ ಇಲ್ಲ. ಲಿಸಾರ್ದೊ ಚಿಕ್ಕಪ್ಪ ಅದನ್ನು ಅಂಗಡಿಯ ಗೋಡೆಗೆ ಅಂಟಿಸಿದ್ದಾರೆ. "ನಾವು ದುಡಿತೀವಿ, ಅವ್ರು ಕಾಯ್ತಾರೆ, ಅಷ್ಟೇ ವ್ಯತ್ಯಾಸ" ಎಂದು ಬಂದವರಿಗೆಲ್ಲ ಹೇಳುತ್ತಾರೆ. ನೀನು ಎಷ್ಟು ದುಡಿಯುತ್ತೀಯ ಎಂದು ನಾನು ಹೇಳಿದೆ. ಅವಳೊಬ್ಬಳು ಬೇರೆ ಬಿಡು ಎಂದರು.

ಈಗ ನಿನಗೆ ಕಾರ್ಡು ಸಿಗುತ್ತದೆ. ಇನ್ನು ಎಲ್ಲ ಸರಿಹೋಗುತ್ತದೆ.

ನೆರೈದಾ

~

ಬೆಲ್ ಗ್ಲೇಡ್
ನವೆಂಬರ್ 2, 1987

ನೆರೈದಾ,

ರುಜು ಬಂತು. ಅರ್ಜಿ ಕೊಟ್ಟಿದ್ದೇನೆ.

ಪೇಪರಿನ ತುಂಡನ್ನು ಪಾದ್ರಿಯವರಿಂದ ಓದಿಸಿಕೊಂಡೆ. ನಿನ್ನ ಚಿಕ್ಕಪ್ಪ ಹೇಳಿದ್ದು ಸರಿಯಾಗಿಯೇ ಇದೆ. ಬೆಳಿಗ್ಗೆ ಕಟ್ಟೆಯ ಹತ್ತಿರ ಕಾಯುತ್ತೇವೆ. ದಫ್ತರಿನ ಕಿಟಕಿಯ ಮುಂದೆ ಕಾಯುತ್ತೇವೆ. ಅಂಚೆಯವನಿಗೂ ಕಾಯುತ್ತೇವೆ.

ಗೆರ್ಲಾಂದ್ ಆಗಸ್ಟ್‌ನಲ್ಲಿ ಮನೆ ಬಿಟ್ಟು ಹೋಗಿದ್ದಾಳೆ.

ಕ್ಲೆರ್ಮೀನ್

~

ಹಯಲೀಯ
ಡಿಸೆಂಬರ್ 13, 1987

ಅಕ್ಕ,

ಗೆರ್ಲಾಂದ್ ಸುದ್ದಿ ಓದಿ ಬೇಸರವಾಯಿತು, ಆದರೆ ನೀನು ಅಷ್ಟು ಕಂಗೆಡಬೇಡ. ಹದಿನೈದು ವರ್ಷ ಅಂದರೆ ಹಾಗೇ. ನಾನು ಹದಿನಾರಕ್ಕೆ ಎಬೆರ್ತೊನ ಸೈಕಲ್ಲಿನ ಹಿಂದೆ ಕೂತು ಓಡಿಹೋಗಿ ಎಂಟು ದಿನಕ್ಕೆ ಹಸಿವು ತಡೆಯಲಾರದೆ ವಾಪಸ್ ಬಂದವಳು. ಹುಡುಗ ಯಾರಂತೆ? ಒಳ್ಳೆಯ ಮನೆತನದವನಾದರೆ ಬಿಡು. ಮೊದಲ ಮಗು ಆಗುವ ಹೊತ್ತಿಗೆ ಅವಳೇ ಅಜ್ಜಿಯ ಹತ್ತಿರ ಬರುತ್ತಾಳೆ. ನನ್ನ ಅಮ್ಮನಿಗೂ ಹೇಳಿದೆ, ಅವಳೂ ನಕ್ಕಳು.

ಒಂದು ಗೌನು ಹೊಲಿದು ಕಳಿಸುತ್ತಿದ್ದೇನೆ. ಹದಿನೈದು ತುಂಬಿದ ಹುಡುಗಿಗೆ ಇಲ್ಲಿ ನಾವು ಕೊಡುವಂಥದ್ದು, ತಿಳಿ ಹಳದಿ. ಯಾವತ್ತು ಬರುತ್ತಾಳೋ ಅವತ್ತು ಕೊಡು.

ನೆರೈದಾ

~

ಹಯಲೀಯ
ಮಾರ್ಚ್ 20, 1988

ಅಕ್ಕ, ಗೌನು ತಲುಪಿತೇ? ಅಂಚೆಯವರು ತಲುಪಿಸಿದ್ದೇವೆ ಎನ್ನುತ್ತಾರೆ. ಒಂದು ಸಾಲು ಬರೆ.

ನೆರೈದಾ

~

ಹಯಲೀಯ
ಆಗಸ್ಟ್ 28, 1988

ಕ್ಲೆರ್ಮೀನ್ ಅಕ್ಕ,

ನಿನ್ನಿಂದ ಉತ್ತರ ಬರದೆ ನಿಮ್ಮ ಇಗರ್ಜಿಗೆ ಫೋನ್ ಮಾಡಿದೆ. ಪಾದ್ರಿಯವರು ಎಲ್ಲ ಹೇಳಿದರು. ಹೋದದ್ದು ದೋಣಿಯಲ್ಲಿ ಎಂದು ಹೇಳಿದರು. ಒಂದು ವರ್ಷವಾಯಿತು ಎಂದರು. ನಾನು ಹುಡುಗ ಯಾರು ಎಂದು ಕೇಳಿದ್ದೆ. ನನ್ನ ಅಮ್ಮ ನಕ್ಕಳು ಎಂದು ಬರೆದಿದ್ದೆ. ಆ ಗೌನನ್ನು ಸುಟ್ಟುಹಾಕು ಅಕ್ಕ.

ಕ್ಷಮಿಸು. ಪೆಟ್ಟಿಗೆಯಲ್ಲಿ ಕಾಗದ ಸೇರಿಹೋಗಿತ್ತು ಎಂದಿದ್ದು ಸುಳ್ಳು. ನಿನ್ನ ಫೆಬ್ರವರಿಯ ಕಾಗದ ಮೂರನೇ ದಿನಕ್ಕೆ ನನ್ನ ಕೈ ಸೇರಿತ್ತು. ಅವತ್ತೇ ಪೆನ್ನು ಹಿಡಿದಿದ್ದೆ. ಎಬೆರ್ತೊ ಫಾರಂ ಕಿತ್ತುಕೊಂಡ. "ನಮ್ಮ ಪೌರತ್ವದ ಅರ್ಜಿ ಅಲ್ಲಿದೆ. ಯಾರ್ಯಾರದೋ ಹೆಸರಿಗೆ ಸಾಕ್ಷಿ ಹಾಕಿ ನಾಳೆ ಅದೇನಾದ್ರೂ ಸುಳ್ಳು ಅಂತ ಆದ್ರೆ ನಮ್ಮನ್ನೂ ಹೊರಗೆ ಹಾಕ್ತಾರೆ" ಎಂದ. ಸುಳ್ಳಲ್ಲ, ಅವಳ ಪಕ್ಕದಲ್ಲಿ ನಾನು ಮಲಗಿದ್ದೆ ಎಂದೆ. "ಆಣೆ ಮಾಡೋವರೆಗೆ ಸುಮ್ನಿರು, ಆಮೇಲೆ ಏನಾದ್ರೂ ಮಾಡ್ಕೊ" ಎಂದ. ಚಿಕ್ಕಪ್ಪನೂ ಅದನ್ನೇ ಹೇಳಿದರು.

ಅವರ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುತ್ತಿಲ್ಲ. ಫಾರಂ ಅಡುಗೆಮನೆಯ ಡ್ರಾಯರಿನಲ್ಲೇ ಇತ್ತು. ಚಮಚ ತೆಗೆಯುವಾಗೆಲ್ಲ ಕಾಣುತ್ತಿತ್ತು. ಎಬೆರ್ತೊ ಮನೆಯಲ್ಲಿಲ್ಲದ ದಿನ ಎಷ್ಟಿದ್ದವು. ಅಂಗಡಿಯ ಪಕ್ಕದಲ್ಲೇ ನೋಟರಿ. ಇನ್ನೇನು ಕೆಲವು ತಿಂಗಳು, ಇಷ್ಟು ಕಾದವರಿಗೆ ಇನ್ನಷ್ಟು ಕಾಯುವುದು ಏನು ಕಷ್ಟ ಎಂದು ನಾನೇ ಅಂದುಕೊಂಡೆ. ನೀನು ಫೋನ್ ಮಾಡಿದ ದಿನ ನಾನು ಅಲ್ಲೇ ನಿಂತಿದ್ದೆ. ನೀನು ಕೇಳಿದ್ದು ನನ್ನ ದನಿಯೇ.

ಆ ಕಾಗದದ ತಟ್ಟೆ. ಪಿಂಗಾಣಿ ಸಾಲದೆ ಹೋಗಿರಲಿಲ್ಲ.

ಹಬ್ಬಕ್ಕೆ ಇಲ್ಲಿಗೆ ಬಾ. ಬೇಡವೆಂದರೆ ನಾನೇ ಬರುತ್ತೇನೆ. ಬೈದಾದರೂ ಬರೆ.

ನೆರೈದಾ

~

ಬೆಲ್ ಗ್ಲೇಡ್
ಫೆಬ್ರವರಿ 19, 1989

ನೆರೈದಾ,

ನಿನ್ನ ಕಾಗದಗಳೆಲ್ಲ ಬಂದಿವೆ. ಗೌನೂ ಬಂತು. ಸುಟ್ಟಿಲ್ಲ. ಕೋಣೆಯ ಒಬ್ಬಳ ತಂಗಿಗೆ ಮದುವೆಯಿತ್ತು, ಅವಳಿಗೆ ಕೊಟ್ಟೆ.

ನನಗೆ ಕಾರ್ಡು ನವೆಂಬರಿನಲ್ಲಿ ಸಿಕ್ಕಿತು. ಹೆಸರು ಸರಿಯಾಗಿ ಬರೆದಿದ್ದಾರೆ. ಅದಿದ್ದರೆ ಹೋಗಿ ವಾಪಸ್ ಬರಬಹುದು. ಡಿಸೆಂಬರಿನಲ್ಲಿ ಊರಿಗೆ ಹೋದೆ, ಎಂಟೂವರೆ ವರ್ಷದ ಮೇಲೆ.

ನಡೆದದ್ದನ್ನು ಬರೆಯುತ್ತೇನೆ. ಇಲ್ಲಿ ಯಾರಿಗೂ ಪೂರ್ತಿ ಹೇಳಿಲ್ಲ.

ನಿನ್ನ ಮನೆಯ ಮುಂದೆ ತೆಗೆದ ಫೋಟೊವನ್ನು ಊರಿಗೆ ಕಳಿಸಿದೆ ಎಂದು ಬರೆದಿದ್ದೆನಲ್ಲ. ಅದು ನನ್ನ ಮನೆ ಎಂದು ನಾನು ಬರೆಯಲಿಲ್ಲ. ನನ್ನದಲ್ಲ ಎಂದೂ ಬರೆಯಲಿಲ್ಲ. ಅವತ್ತಿಗೆ ಐದು ವರ್ಷದಿಂದ ಅವ್ವ ಊರವರ ಮಾತು ಕೇಳಿ ಕೇಳಿ ಸಣ್ಣಗಾಗಿದ್ದಳು. ಎಲ್ಲರ ಮಕ್ಕಳೂ ಹೋಗಿ ಏನೇನೋ ಮಾಡಿದರು, ನಿನ್ನ ಮಗಳು ಏನು ಮಾಡಿದಳು ಎಂದು ಕೇಳುತ್ತಿದ್ದರಂತೆ. ಆ ಫೋಟೊ ಗೋಡೆಗೆ ಹಾಕಿದ ಮೇಲೆ ಯಾರೂ ಕೇಳಲಿಲ್ಲವಂತೆ. ನನಗೂ ಅದು ಸಾಕೆನಿಸಿತು.

ಗೆರ್ಲಾಂದ್ ಅದನ್ನು ಎರಡು ವರ್ಷ ನೋಡಿದ್ದಾಳೆ. ಇಷ್ಟು ದೊಡ್ಡ ಮನೆಯಿದ್ದೂ ನನ್ನ ಅಮ್ಮ ನನ್ನನ್ನು ಕರೆಸಲಿಲ್ಲ ಎಂದುಕೊಂಡಿದ್ದಾಳೆ. ರಸೀತಿ ಬರಲಿ ಎಂದು ಆ ವರ್ಷ ನಾನು ಹಟ ಹಿಡಿದು ಒಂದು ಕಾಗದವನ್ನೂ ಬರೆಯಲಿಲ್ಲ. ಆಗಸ್ಟ್‌ನಲ್ಲಿ ನಮ್ಮ ದಂಡೆಯಿಂದ ಒಂದು ದೋಣಿ ಹೊರಟಿತು. ಮೂವತ್ತು ಚಿಲ್ಲರೆ ಜನ. ಅವಳು ನಾನು ಕಳಿಸಿದ್ದ ಬೂಟುಗಳನ್ನು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳಂತೆ. ಅವ್ವ ಕೈ ಹಿಡಿದು ಎಳೆದಳಂತೆ. "ಆ ಮನೇಗೆ ಎಷ್ಟು ಕಿಟಕಿ ಇದೆ ಅಂತ ಎಣಿಸಿದೀನಿ ಅಜ್ಜಿ. ನಂಗೂ ಒಂದು ಮೂಲೆ ಇರತ್ತೆ" ಎಂದಳಂತೆ.

ಅಮೆರಿಕದ ಹಡಗು ಹಿಡಿದು ವಾಪಸ್ ತಂದವರ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಇಲ್ಲಿನ ಶಿಬಿರದಲ್ಲೂ ಇಲ್ಲ. ಬಹಾಮಾದಲ್ಲಿ ಪಾದ್ರಿಯವರ ಪರಿಚಯದವರು ಕೇಳಿದರು, ಅಲ್ಲೂ ಇಲ್ಲ. ಆ ದೋಣಿಯ ಒಬ್ಬರೂ ಎಲ್ಲೂ ಇಲ್ಲ.

ಆದರೆ ಅವ್ವನಿಗೆ ಇದು ಗೊತ್ತಿರಲಿಲ್ಲ. ಗೆರ್ಲಾಂದ್ ಬಂದು ಸೇರಿದಳೇ ಎಂದು ಅವಳು ಕೇಳಿ ಬರೆಸಿದ್ದಕ್ಕೆಲ್ಲ ನಾನು ಬರೀ ಹಣ ಕಳಿಸಿದ್ದೆ. ಹಣ ಬಂತೆಂದರೆ ಎಲ್ಲ ಚೆನ್ನಾಗಿದೆ ಎಂದು ಅವಳು ತಿಳಿದಳು. ನಾನು ಬಸ್ಸಿನಿಂದಿಳಿದಾಗ ರಸ್ತೆಗೇ ಬಂದು ನಿಂತಿದ್ದಳು. ಕಣ್ಣು ಅರ್ಧ ಹೋಗಿದೆ. ನನ್ನನ್ನು ತಬ್ಬಿಕೊಂಡು, ನನ್ನ ಭುಜದ ಮೇಲಿಂದ ಹಿಂದೆ ನೋಡಿದಳು. "ಹುಡುಗಿ ಎಲ್ಲಿ, ಯಾಕೆ ಕರ್ಕೊಂಡು ಬರ್ಲಿಲ್ಲ" ಎಂದಳು.

"ಸ್ಕೂಲಿದೆ ಅವ್ವ, ರಜೆ ಕೊಡ್ಲಿಲ್ಲ" ಎಂದೆ.

"ಓದ್ಲಿ ಬಿಡು" ಎಂದಳು.

ಹನ್ನೆರಡು ದಿನ ಇದ್ದೆ. ಹನ್ನೆರಡು ದಿನವೂ ಅವಳ ವಿಷಯ ಹೇಳಬೇಕಾಯಿತು. ಎತ್ತರ ಆಗಿದ್ದಾಳೆ, ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಾಳೆ, ಅನ್ನಕ್ಕಿಂತ ಬ್ರೆಡ್ಡು ಇಷ್ಟ ಅವಳಿಗೆ ಎಂದೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಸುಲಭವಾಯಿತು. ಅದೇ ನನಗೆ ಭಯ ಹುಟ್ಟಿಸಿತು.

ಕ್ಷಮಿಸು ಎಂದು ಬರೆದಿದ್ದೀಯ. ನಿನ್ನ ರುಜು ಫೆಬ್ರವರಿಯಲ್ಲೇ ಬಂದಿದ್ದರೂ ಅವಳು ಹೋಗುತ್ತಿದ್ದಳೇನೋ ಎಂದುಕೊಂಡು ನೋಡಿದೆ. ಆ ಯೋಚನೆ ಒಂದು ಕಡೆ ನಿಲ್ಲುವುದಿಲ್ಲ. ಆ ಫೋಟೊ ನಾನು ಕಳಿಸದಿದ್ದರೆ ಎಂದೂ ನೋಡಿದೆ. ಅದೂ ನಿಲ್ಲುವುದಿಲ್ಲ. ನೀನು ಇಲ್ಲಿಗೆ ಬರಬೇಡ. ನಾನೂ ಬರುವುದಿಲ್ಲ. ಸಿಟ್ಟಿನಿಂದ ಅಲ್ಲ. ನಿನ್ನ ಮನೆಯ ಬಾಗಿಲನ್ನು ಇನ್ನೊಮ್ಮೆ ನೋಡಲಾರೆ.

ಒಂದು ವಿಷಯಕ್ಕೆ ಮಾತ್ರ ಬರೆಯಬೇಕಾಗಿ ಬಂತು. ಕಾರ್ಡು ಕೊಡುವಾಗ ದಫ್ತರಿನ ಹೆಂಗಸು, ವಯಸ್ಸಾದವಳು, ಒಳ್ಳೆಯವಳು, ನಗುತ್ತ ಕೇಳಿದಳು, ಊರಿನಲ್ಲಿ ಮಕ್ಕಳಿದ್ದಾರೆಯೇ, ಈಗ ನೀವು ಅರ್ಜಿ ಹಾಕಿ ಕರೆಸಬಹುದು ಎಂದು. ಇಲ್ಲ ಎನ್ನಬೇಕಿತ್ತು. ಒಬ್ಬಳಿದ್ದಾಳೆ ಎಂದೆ. ಫಾರಂ ಕೊಟ್ಟಳು. ಊರಿಂದ ಬಂದ ಮೇಲೆ ತುಂಬಿದೆ. ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ಎಲ್ಲ ಬರೆದೆ. ಮಗುವಿನ ಈಗಿನ ವಿಳಾಸ ಎಂಬ ಜಾಗವನ್ನು ಖಾಲಿ ಬಿಟ್ಟು ಕಳಿಸಿದೆ.

ಮೊನ್ನೆ ವಾಪಸ್ ಬಂದಿದೆ. ಆ ಜಾಗ ಖಾಲಿ ಬಿಟ್ಟರೆ ತೆಗೆದುಕೊಳ್ಳುವುದಿಲ್ಲವಂತೆ. ಅರವತ್ತು ದಿನ ಕೊಟ್ಟಿದ್ದಾರೆ.

ಇಲ್ಲಿ ಕೇಳೋಣವೆಂದರೆ ಪಾದ್ರಿಯವರೊಬ್ಬರೇ. ಅವರು ಫಾರಂ ಮಡಿಸಿ ನನ್ನ ಕೈಗೇ ವಾಪಸ್ ಕೊಟ್ಟರು. ಇಂಥ ಫಾರಂ ತುಂಬಿ ತಾಯಿಯನ್ನೂ ತಮ್ಮನನ್ನೂ ಕರೆಸಿಕೊಂಡವಳು ನೀನು, ನಿನಗೆ ಅಭ್ಯಾಸವಿದೆ. ಅಲ್ಲಿ ಏನು ಬರೆಯಬೇಕು ಎಂದು ತಿಳಿಸು.

ಕ್ಲೆರ್ಮೀನ್